ಬೇಸಿಗೆ ರಜೆಗೆ ಮನೆಮಂದಿಯೆಲ್ಲ ಲಡಾಖ್‌ಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಯುಗಾದಿ ಕಳೆದು ಮಕ್ಕಳ ಪರೀಕ್ಷೆ ಗಲಾಟೆ ಇಳಿಯುತ್ತಿದ್ದ ಹಾಗೆ ನನಗೆ ಫೋನ್ ಬರೋಕೆ ಶುರುವಾಗುತ್ತದೆ. "ನೀವು ಲಡಾಖ್‌ಗೆ ಹೋಗಿ ಬಂದಿದ್ದೀರಲ್ವಾ, ಒಂದೈದು ನಿಮಿಷ ಮಾತಾಡಬಹುದಾ?" ಐದು ನಿಮಿಷ ಮುಕ್ಕಾಲು ಗಂಟೆಯಾಗುತ್ತದೆ. ಲಿಫ್ಟ್‌ನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಶಾಲೆ ಗೇಟಿನ ಹತ್ತಿರ ಕೇಳುವುದೆಲ್ಲ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ನಾವು ಎರಡು ಸಲ ಹೋಗಿದ್ದೇವೆ. ಮೊದಲ ಸಲ ಅವಸರ ಮಾಡಿ ಪೆಟ್ಟು ತಿಂದೆವು. ಎರಡನೇ ಸಲ ಅತ್ತೆಯನ್ನೂ ಕರಕೊಂಡು ನಿಧಾನವಾಗಿ ಹೋಗಿ ಬಂದೆವು. ಉತ್ತರಗಳು ಆ ಎರಡೂ ಅನುಭವದಿಂದ ಬಂದವು.

## ಹೊರಡುವ ಮುಂಚೆ

ಊಟಿ, ಕೂರ್ಗ್ ಬಿಟ್ಟು ಅಷ್ಟು ದೂರ ಯಾಕೆ? ಅಲ್ಲಿ ಅಂಥದ್ದೇನಿದೆ?

ಏನೂ ಇಲ್ಲ, ಅದೇ ವಿಶೇಷ. ಲಡಾಖ್‌ನ ವಿಸ್ತೀರ್ಣ ಕರ್ನಾಟಕದ ಮೂರನೇ ಒಂದು ಭಾಗಕ್ಕೆ ಹತ್ತಿರ. 2011ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 2.74 ಲಕ್ಷ ಜನ. ಗಂಟೆಗಟ್ಟಲೆ ಕಾರಿನಲ್ಲಿ ಹೋದರೂ ಒಂದು ಅಂಗಡಿ ಸಿಗುವುದಿಲ್ಲ. ನಮಗೆ ಕಾಡು ಅಂದರೆ ನಾಗರಹೊಳೆಯ ಹಸಿರು. ಅಲ್ಲಿನ ಕಾಡಿನಲ್ಲಿ ಮರವೇ ಇಲ್ಲ. ಕಂದು, ಬೂದಿ, ನೇರಳೆ ಬಣ್ಣದ ಬೋಳು ಬೆಟ್ಟ, ನಡುವೆ ನೀರಿದ್ದಲ್ಲಿ ಮಾತ್ರ ಒಂದು ಹಸಿರು ಗೆರೆ. ಹತ್ತು ನಿಮಿಷ ನೋಡಿ "ಇದೇನು ಕಲ್ಲುಕ್ವಾರಿ ಥರ ಇದೆ" ಅಂದವರೂ ಇದ್ದಾರೆ. ಅಂಥವರಿಗೆ ಕೂರ್ಗೇ ಸರಿ.

ನಮ್ಮ ಮಕ್ಕಳಿಗೆ ಏಪ್ರಿಲ್-ಮೇ ರಜೆ. ಆಗ ಹೋದ್ರೆ ನಡೆಯುತ್ತಾ?

ಇಲ್ಲೇ ಇರುವುದು ತೊಡಕು. ಲಡಾಖ್‌ಗೆ ಒಳ್ಳೆಯ ಕಾಲ ಜೂನ್‌ನಿಂದ ಸೆಪ್ಟೆಂಬರ್. ನಮ್ಮ ಶಾಲೆಗಳು ಮೇ ಕೊನೆಗೋ ಜೂನ್ ಮೊದಲ ವಾರಕ್ಕೋ ಬಾಗಿಲು ತೆರೆದುಬಿಡುತ್ತವೆ. ಉತ್ತರದವರ ರಜೆ ಆಗ ತಾನೇ ಶುರು.

ಎರಡಕ್ಕೂ ಹೊಂದುವುದು ಮೇ ಎರಡನೇ ಅರ್ಧ. ಆ ಹೊತ್ತಿಗೆ ಪಾಂಗಾಂಗ್ ಸರೋವರದ ಮಂಜುಗಡ್ಡೆ ಸಾಮಾನ್ಯವಾಗಿ ಕರಗಿರುತ್ತದೆ. ಲಡಾಖ್‌ನ ಮುಖ್ಯ ಪಟ್ಟಣ ಲೇಹ್‌ನಲ್ಲಿ ಹಗಲು ಹಿತವಾದ ಬಿಸಿಲು, ರಾತ್ರಿ ಹಲ್ಲು ಕಟಕಟ. ಘಾಟ್‌ಗಳ ಮೇಲೆ ಹಿಮ ಇನ್ನೂ ಇರುತ್ತದೆ, ಮಕ್ಕಳಿಗೆ ಅದೇ ಹಬ್ಬ. ಏಪ್ರಿಲ್‌ನಲ್ಲೇ ಹೋಗಬೇಕು ಅಂದರೆ ಸರೋವರದ ಆಸೆ ಬಿಡಿ, ಕೆಳಗಿನ ಕಣಿವೆಗಳಲ್ಲಿ ಏಪ್ರಿಕಾಟ್ ಮರ ಹೂ ಬಿಡುವುದನ್ನು ನೋಡಿ ಬನ್ನಿ. ಎಲೆ ಇಲ್ಲದ ಮರದ ತುಂಬಾ ಬಿಳಿ-ಗುಲಾಬಿ ಹೂ.

ಯಾರೂ ಯೋಚನೆ ಮಾಡದ ಇನ್ನೊಂದು ದಾರಿ ದಸರಾ ರಜೆ. ಅಕ್ಟೋಬರ್ ಮೊದಲ ಭಾಗದಲ್ಲಿ ಚಳಿ ಜಾಸ್ತಿ. ಆದರೆ ಜನ ಕಡಿಮೆ, ಆಕಾಶ ನಿಚ್ಚಳ, ಪಾಪ್ಲರ್ ಮರಗಳು ಹಳದಿ ತಿರುಗಿರುತ್ತವೆ.

ನನಗೆ ಆಫೀಸಲ್ಲಿ ಐದೇ ದಿನ ರಜೆ. ಸಾಕಾಗುತ್ತಾ?

ಸಾಕಾಗಲ್ಲ. ಬೇರೆ ಎಲ್ಲಾದರೂ ಹೋಗಿ. ಮಕ್ಕಳು, ಹಿರಿಯರು ಇದ್ದರೆ ಲಡಾಖ್‌ನಲ್ಲೇ ಎಂಟು ರಾತ್ರಿ ಬೇಕು. ಅದರ ಮೇಲೆ ವಾಪಸ್ ಬರುವಾಗ ಒಂದು ದಿನ ಖಾಲಿ ಇಟ್ಟುಕೊಳ್ಳಿ, ಯಾಕೆ ಅಂತ ಕೆಳಗೆ ಹೇಳುತ್ತೇನೆ.

ವಿಮಾನದಲ್ಲಿ ಹೋಗೋದಾ, ರಸ್ತೆಯಲ್ಲಾ?

ಬೆಂಗಳೂರಿನಿಂದ ದೆಹಲಿಗೆ ಒಂದು ವಿಮಾನ, ಅಲ್ಲಿಂದ ಲೇಹ್‌ಗೆ ಇನ್ನೊಂದು. ಎರಡನೆಯದು ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ಮಧ್ಯಾಹ್ನ ಗಾಳಿ ಏಳುವುದರಿಂದ ಲೇಹ್ ವಿಮಾನಗಳು ಹೆಚ್ಚಾಗಿ ಬೆಳಗ್ಗೆಯೇ. ಅಂದರೆ ರಾತ್ರಿ ದೆಹಲಿಯಲ್ಲಿ ಕಳೆಯಬೇಕು. ಮಕ್ಕಳನ್ನು ಏರ್‌ಪೋರ್ಟ್ ಕುರ್ಚಿ ಮೇಲೆ ಮಲಗಿಸಿ ದುಡ್ಡು ಉಳಿಸೋಕೆ ಹೋಗಬೇಡಿ. ನಿದ್ದೆಗೆಟ್ಟ ಮೈ ಹೊತ್ತು ಮೇಲೆ ಹೋದರೆ ಆಮೇಲಿನದೆಲ್ಲ ಕಷ್ಟ. ಹವಾಮಾನ ಕೆಟ್ಟರೆ ಲೇಹ್ ವಿಮಾನ ರದ್ದಾಗುವುದು ಮಾಮೂಲು. ಆ ಖಾಲಿ ದಿನ ಅದಕ್ಕೇ.

ರಸ್ತೆ ಅಂದರೆ ಎರಡು ದಾರಿ, ಶ್ರೀನಗರದಿಂದ ಒಂದು, ಮನಾಲಿಯಿಂದ ಇನ್ನೊಂದು. ಎರಡೂ 400 ಕಿ.ಮೀ. ಮೇಲೆ, ಎರಡಕ್ಕೂ ಎರಡು ದಿನ ಬೇಕು. ಶ್ರೀನಗರ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಕಾರ್ಗಿಲ್ 2,700 ಹತ್ತಿರ, ಲೇಹ್ 3,500. ಮೆಟ್ಟಿಲು ಹತ್ತಿದ ಹಾಗೆ ಏರುವುದರಿಂದ ಮೈಗೆ ಇದೇ ಒಳ್ಳೆಯದು. ದಾರಿಯಲ್ಲಿ ದ್ರಾಸ್ ಯುದ್ಧ ಸ್ಮಾರಕವೂ ಸಿಗುತ್ತದೆ. ಮನಾಲಿ ದಾರಿಯಲ್ಲಿ 2020ರಲ್ಲಿ 9 ಕಿ.ಮೀ. ಉದ್ದದ ಅಟಲ್ ಸುರಂಗ ಆದ ಮೇಲೆ ರೋಹ್ತಾಂಗ್ ಘಾಟ್ ಹತ್ತುವ ಗೋಳು ತಪ್ಪಿದೆ. ಆದರೆ ಮಧ್ಯೆ ಸರ್ಚುವಿನಲ್ಲಿ ಮಲಗಿದರೆ ಅದು ಲೇಹ್‌ಗಿಂತ ಸುಮಾರು 800 ಮೀಟರ್ ಮೇಲೆ. ಮೊದಲ ರಾತ್ರಿಯೇ ಅಷ್ಟು ಎತ್ತರದಲ್ಲಿ ಮಕ್ಕಳನ್ನು ಮಲಗಿಸುವುದು ನನಗೆ ಒಪ್ಪಿಗೆ ಇಲ್ಲ. ಅದೂ ಅಲ್ಲದೆ ಮೇ ತಿಂಗಳಲ್ಲಿ ಹಿಮ ತೆಗೆದು ದಾರಿ ಬಿಟ್ಟಿದ್ದಾರಾ ಇಲ್ಲವಾ ಅನ್ನುವುದು ಹೊರಡುವ ವಾರದವರೆಗೂ ಗೊತ್ತಾಗುವುದಿಲ್ಲ.

ಒಟ್ಟು ಎಷ್ಟು ಖರ್ಚಾಗುತ್ತೆ?

ಮೊತ್ತ ಹೇಳಿದರೆ ಮುಂದಿನ ವರ್ಷಕ್ಕೆ ಸುಳ್ಳಾಗುತ್ತದೆ. ನಮ್ಮ ಲೆಕ್ಕದಲ್ಲಿ ಅರ್ಧಕ್ಕಿಂತ ಜಾಸ್ತಿ ವಿಮಾನಕ್ಕೇ ಹೋಯಿತು. ಉಳಿದಿದ್ದರಲ್ಲಿ ಟ್ಯಾಕ್ಸಿಯೇ ದೊಡ್ಡ ಬಾಬ್ತು. ರೂಮು, ಊಟ ನೀವು ಹೆದರಿದಷ್ಟು ಇರುವುದಿಲ್ಲ. ಹಾಗಾಗಿ ಉಳಿತಾಯ ಮಾಡಬೇಕಾದ್ದು ಟಿಕೆಟ್ಟಿನಲ್ಲಿ, ಜನವರಿಯಲ್ಲೇ ತಗೊಳ್ಳಿ. ಟ್ಯಾಕ್ಸಿಗೆ ಅಲ್ಲಿನ ಯೂನಿಯನ್ ದರಪಟ್ಟಿ ಇದೆ. ನಮ್ಮ ಆಟೋದವರ ಜೊತೆ ಚೌಕಾಸಿ ಮಾಡಿದ ಹಾಗೆ ಅಲ್ಲಿ ನಡೆಯುವುದಿಲ್ಲ.

## ಉಸಿರು, ತಲೆನೋವು, ಮಕ್ಕಳು, ಹಿರಿಯರು

ಆಕ್ಸಿಜನ್ ಕಡಿಮೆ ಅಂತಾರಲ್ಲ, ನಿಜಕ್ಕೂ ಅಷ್ಟು ಕಷ್ಟನಾ? ನಾನು ದಿನಾ ಜಿಮ್‌ಗೆ ಹೋಗ್ತೀನಿ.

ಜಿಮ್‌ಗೂ ಇದಕ್ಕೂ ಸಂಬಂಧ ಇಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಅಲ್ಲಿಂದ ಒಂದೇ ದಿನದಲ್ಲಿ 3,500 ಮೀಟರ್‌ಗೆ ಹೋಗಿ ಇಳಿಯುತ್ತೀರಿ. ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟೇ ಇರುತ್ತದೆ. ಬೆಂಗಳೂರಿನಿಂದ ತಂದ ಚಿಪ್ಸ್ ಪ್ಯಾಕೆಟ್ ಬ್ಯಾಗಿನಿಂದ ತೆಗೆದರೆ ಬಲೂನಿನ ಹಾಗೆ ಉಬ್ಬಿರುತ್ತದೆ. ಸನ್‌ಸ್ಕ್ರೀನ್ ಟ್ಯೂಬಿನ ಮುಚ್ಚಳ ತಿರುಗಿಸಿದ ಕೂಡಲೇ ಪಿಚಕಾರಿ. ಅದನ್ನು ನೋಡಿದ ಮೇಲೆ ಮಕ್ಕಳಿಗೆ ಪಾಠ ಹೇಳುವ ಅಗತ್ಯ ಇರುವುದಿಲ್ಲ.

ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು, ನಿದ್ದೆ ಬಾರದಿರುವುದು ಎತ್ತರದ ಕಾಯಿಲೆಯ ಮೊದಲ ಸೂಚನೆಗಳು. ಅಲ್ಲೇ ನಿಂತು ವಿಶ್ರಾಂತಿ ತಗೊಂಡರೆ ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ನಡೆಯುವಾಗ ಓಲಾಡುವುದು, ಮಾತು ತಡವರಿಸುವುದು ಕಂಡರೆ ಕಾಯುವ ಹಾಗಿಲ್ಲ. ಶ್ವಾಸಕೋಶದಲ್ಲೋ ಮೆದುಳಿನಲ್ಲೋ ನೀರು ತುಂಬುತ್ತಿರಬಹುದು. ತಕ್ಷಣ ಆಕ್ಸಿಜನ್ ಕೊಡಿಸಿ ಕೆಳಗೆ ಇಳಿಸಬೇಕು, ಆಸ್ಪತ್ರೆ ಸೇರಿಸಬೇಕು.

ನಮ್ಮ ಮೊದಲ ಸಲದ ಕತೆ ಹೇಳುತ್ತೇನೆ. ಇಲ್ಲಿನ ಒಬ್ಬ ಟೂರ್‌ನವರು ಮಾಡಿಕೊಟ್ಟ ಪಟ್ಟಿಯಲ್ಲಿ ಮೂರನೇ ದಿನವೇ ಪಾಂಗಾಂಗ್ ಇತ್ತು. ಸರೋವರ ಇರುವುದು ಸುಮಾರು 4,250 ಮೀಟರ್‌ನಲ್ಲಿ. ಸಂಜೆವರೆಗೂ ಕುಣಿದಾಡಿದ ಮಗಳು, ಆಗ ಅವಳಿಗೆ ಎಂಟು ವರ್ಷ, ಊಟದ ಹೊತ್ತಿಗೆ ಮಂಕಾದಳು. ಹತ್ತು ಗಂಟೆಗೆ ವಾಂತಿ. "ಅಮ್ಮಾ, ತಲೆ ಒಳಗೆ ಯಾರೋ ಕುಟ್ಟುತ್ತಾ ಇದ್ದಾರೆ" ಅಂದಳು. ಡ್ರೈವರ್ ಟಾರ್ಚ್ ಹಿಡಿದು ಅವಳ ಮುಖ ನೋಡಿದ್ದೇ ಜಾಕೆಟ್ ಹಾಕಿಕೊಂಡು ಗಾಡಿ ಸ್ಟಾರ್ಟ್ ಮಾಡಿದ. ಲೇಹ್‌ಗೆ ಹೋಗೋಣ ಅಂದೆವು. ಆತ ತಲೆ ಆಡಿಸಿದ. ಲೇಹ್‌ಗೆ ಹೋಗಬೇಕಾದರೆ ಮೊದಲು 5,300 ಮೀಟರ್ ದಾಟುವ ಚಾಂಗ್ ಲಾ ಘಾಟ್ ಹತ್ತಬೇಕು! ಇಳಿಯೋಕೆ ಹೊರಟವರು ಇನ್ನೂ ಮೇಲೆ ಹತ್ತಬೇಕು ಅನ್ನುವುದು ಅಲ್ಲಿಯವರೆಗೆ ನಮ್ಮ ತಲೆಗೇ ಹೊಳೆದಿರಲಿಲ್ಲ. ಆತ ನಮ್ಮನ್ನು ಸುಮಾರು 300 ಮೀಟರ್ ತಗ್ಗಿನಲ್ಲಿರುವ ಟಾಂಗ್ಸೆ ಊರಿನ ಆರೋಗ್ಯ ಕೇಂದ್ರಕ್ಕೆ ಕರಕೊಂಡು ಹೋದ. ಆಕ್ಸಿಜನ್ ಹಾಕಿ ಎರಡು ಗಂಟೆಯಲ್ಲಿ ಮಗಳು ಬಿಸ್ಕತ್ತು ಕೇಳಿದಳು. ಸರೋವರವನ್ನು ಆ ಸಲ ನಾವು ನೋಡಿದ್ದು ಎರಡೇ ಗಂಟೆ.

ಮೊದಲ ಎರಡು ದಿನ ರೂಮಲ್ಲೇ ಕೂತ್ರೆ ದುಡ್ಡು ದಂಡ ಅಲ್ವಾ?

ಮೇಲಿನ ಉತ್ತರ ಓದಿಯೂ ಹೀಗನಿಸಿದರೆ ನಾನೇನು ಹೇಳಲಿ! ಕನಿಷ್ಠ 48 ಗಂಟೆ ಲೇಹ್‌ನಲ್ಲೇ. ಮೊದಲ ದಿನ ಹಾಸಿಗೆ, ಬಿಸಿಲು ಬೀಳುವ ಕಿಟಕಿ, ನೀರು, ಸೂಪು, ಒಂದು ಚೌಕಾಬಾರ ಹಾಸು. ಮೊದಲ ಎರಡು ದಿನ ಮೇಲಿನ ಮಹಡಿ ರೂಮ್ ಬೇಡ ಅಂತ ಬುಕ್ ಮಾಡುವಾಗಲೇ ಹೇಳಿ. ಹನ್ನೆರಡು ಮೆಟ್ಟಿಲು ಹತ್ತಿ ಸೂಟ್‌ಕೇಸ್ ಕೆಳಗಿಟ್ಟು ಹತ್ತು ಸಲ ಉಸಿರು ತಗೊಂಡಾಗ ಯಾಕೆ ಅಂತ ಗೊತ್ತಾಗುತ್ತದೆ. ಎರಡನೇ ದಿನ ಸಂಜೆ ಮಾರ್ಕೆಟ್ಟಿನಲ್ಲಿ ಅರ್ಧ ಗಂಟೆ ಓಡಾಡಿ. ಬೀದಿಬದಿ ಅಜ್ಜಿಯರು ಒಣಗಿಸಿದ ಏಪ್ರಿಕಾಟ್ ಮಾರುತ್ತಾ ಕೂತಿರುತ್ತಾರೆ. "ಜೂಲೆ" ಅನ್ನಿ. ನಮಸ್ಕಾರ, ಥ್ಯಾಂಕ್ಸ್, ಬರ್ತೀನಿ, ಎಲ್ಲಕ್ಕೂ ಅದೊಂದೇ ಮಾತು.

ಡಯಾಮಾಕ್ಸ್ ಮಾತ್ರೆ ತಗೋಬೇಕಾ? ಕರ್ಪೂರ ಮೂಸಿದ್ರೆ ಸಾಕು ಅಂತಾರೆ.

ಕರ್ಪೂರದಿಂದ ಮೂಗು ಬಿಟ್ಟ ಹಾಗೆ ಅನಿಸುತ್ತದೆ ಅಷ್ಟೆ, ರಕ್ತಕ್ಕೆ ಆಕ್ಸಿಜನ್ ಸೇರುವುದಿಲ್ಲ. ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಂಡರೆ ಅದು ವಿಷ. ಬೆಳ್ಳುಳ್ಳಿ ಸೂಪು ರುಚಿಗೆ ಕುಡಿಯಿರಿ. ಅಂಗಡಿಯಲ್ಲಿ ಸಿಗುವ ಪುಟ್ಟ ಆಕ್ಸಿಜನ್ ಡಬ್ಬಿ ಕೆಲವೇ ನಿಮಿಷದ ಆಟ.

ಡಯಾಮಾಕ್ಸ್, ಅಂದರೆ ಅಸಿಟಾಜೋಲಮೈಡ್, ನಿಜವಾಗಿ ಕೆಲಸ ಮಾಡುವ ಔಷಧಿ. ಸಾಮಾನ್ಯವಾಗಿ ಎತ್ತರಕ್ಕೆ ಹೋಗುವ ಹಿಂದಿನ ದಿನದಿಂದ ಶುರು ಮಾಡುತ್ತಾರೆ. ಮಕ್ಕಳಿಗೆ ತೂಕ ನೋಡಿ ಪ್ರಮಾಣ ಹೇಳುತ್ತಾರೆ. ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಬೇಕು. ಬೆರಳ ತುದಿ ಜುಮ್ ಅನ್ನುವುದು, ಪದೇ ಪದೇ ಮೂತ್ರಕ್ಕೆ ಹೋಗುವುದು ಮಾಮೂಲು. ನಿಮ್ಮ ಡಾಕ್ಟರನ್ನು ಕೇಳಿಯೇ ತಗೊಳ್ಳಿ, ಪಕ್ಕದ ಮನೆಯವರ ಉಳಿದ ಸ್ಟ್ರಿಪ್ ಬೇಡ. ಮಾತ್ರೆ ನುಂಗಿದೆವು ಅಂತ ಆ ಎರಡು ದಿನದ ವಿಶ್ರಾಂತಿ ಬಿಡುವ ಹಾಗೂ ಇಲ್ಲ.

ಮನೇಲಿ ಒಂದೂವರೆ ವರ್ಷದ ಪಾಪು ಇದೆ. ಅತ್ತೆಗೆ ಬಿಪಿ, ಶುಗರ್. ಕರಕೊಂಡು ಹೋಗಬಹುದಾ?

ಪಾಪು ದೊಡ್ಡದಾಗಲಿ. ಅಷ್ಟು ಚಿಕ್ಕ ಮಗುವಿಗೆ ತಲೆನೋವು ಅಂತ ಹೇಳೋಕೆ ಬರುವುದಿಲ್ಲ. ಅಳುತ್ತದೆ, ಹಲ್ಲು ಬರುತ್ತಿದೆಯೇನೋ ಅಂದುಕೊಳ್ಳುತ್ತೀರಿ. ಐದಾರು ವರ್ಷ ದಾಟಿ, ತನಗೆ ಏನಾಗುತ್ತಿದೆ ಅಂತ ಹೇಳುವ ಹಾಗಾದ ಮೇಲೆ ಹೋಗಿ ಅನ್ನುವುದು ನನ್ನ ಅಭಿಪ್ರಾಯ.

ಹಿರಿಯರ ವಿಷಯದಲ್ಲಿ ವಯಸ್ಸಿಗಿಂತ ಹೃದಯ, ಶ್ವಾಸಕೋಶ ಹೇಗಿದೆ ಅನ್ನುವುದು ಮುಖ್ಯ. ಹತೋಟಿಯಲ್ಲಿರುವ ಬಿಪಿ, ಶುಗರ್ ಇದ್ದವರು ಡಾಕ್ಟರ್ ಒಪ್ಪಿದರೆ ಹೋಗಿ ಬರುತ್ತಾರೆ. ಇನ್ಸುಲಿನ್ ಚಳಿಗೆ ಹೆಪ್ಪುಗಟ್ಟಬಾರದು, ರಾತ್ರಿ ರಜಾಯಿ ಒಳಗೇ ಇಟ್ಟುಕೊಳ್ಳಬೇಕು. ನಮ್ಮ ಅತ್ತೆಗೆ 67. ಅವರ ನಡಿಗೆಯೇ ನಿಧಾನ, ಮಾತಿಗೊಮ್ಮೆ ಕೂರುವುದು ಅಭ್ಯಾಸ. ಇಡೀ ಪ್ರವಾಸದಲ್ಲಿ ಅವರಿಗೆ ಒಂದು ತಲೆನೋವೂ ಬರಲಿಲ್ಲ. ಮ್ಯಾರಥಾನ್ ಓಡುವ ನಮ್ಮ ಯಜಮಾನರು ಮೊದಲ ದಿನ ಸಂಜೆಯೇ ಟವೆಲ್ ಕಟ್ಟಿಕೊಂಡು ಮಲಗಿದ್ದರು.

ಹೊರಡುವ ವಾರದಲ್ಲಿ ಯಾರಿಗಾದರೂ ಎದೆಗಟ್ಟಿದ ಶೀತ, ಜ್ವರ ಇದ್ದರೆ ಟಿಕೆಟ್ ಮುಂದೆ ಹಾಕಿ.

## ಅಲ್ಲಿ ಹೋದ ಮೇಲೆ

ಬಟ್ಟೆ ಏನೇನು ತಗೊಂಡು ಹೋಗೋದು?

ಒಂದು ದಪ್ಪ ಜಾಕೆಟ್ಟಿಗಿಂತ ಮೂರು ತೆಳು ಪದರ ವಾಸಿ: ಒಳಗೆ ಥರ್ಮಲ್, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಮಧ್ಯಾಹ್ನ ಟೀ ಶರ್ಟ್ ಸಾಕು ಅನಿಸುತ್ತದೆ, ಮೋಡ ಬಂದ ಕೂಡಲೇ ಎಲ್ಲ ಬೇಕು. ಬಿಸಿಲು ಸುಡುವುದು ಚಳಿಯಲ್ಲಿ ಗೊತ್ತೇ ಆಗುವುದಿಲ್ಲ. ಮಕ್ಕಳಿಗೂ ಕಪ್ಪು ಕನ್ನಡಕ, ತುಟಿಗೆ ಮುಲಾಮು ಇರಲಿ. ಒಣಗಾಳಿಗೆ ಮೂಗಿನಲ್ಲಿ ಸ್ವಲ್ಪ ರಕ್ತ ಬರಬಹುದು. ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಒಯ್ದರೆ ಕಲ್ಲಾಗುತ್ತದೆ, ಅಗಲ ಬಾಯಿಯ ಡಬ್ಬಿಗೆ ಹಾಕಿಕೊಳ್ಳಿ.

ಅನ್ನ-ಸಾರು ಸಿಗುತ್ತಾ? ಅಪ್ಪ ರೊಟ್ಟಿ ತಿಂದ್ರೆ ಊಟ ಮಾಡಿದ ಹಾಗೆ ಅಂದುಕೊಳ್ಳೋದೇ ಇಲ್ಲ.

ಅನ್ನ-ದಾಲ್ ಎಲ್ಲ ಕಡೆ ಸಿಗುತ್ತದೆ. ಲೇಹ್‌ನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಅನ್ನ ಬೇಯುವುದಿಲ್ಲ. ಕ್ಯಾಂಪ್‌ಗಳಲ್ಲಿ ಒಂದೊಂದು ಸಲ ಅಗಳು ಗಟ್ಟಿ. ಚಟ್ನಿಪುಡಿ, ತುಪ್ಪ, ಬಿಸಿನೀರು ಹಾಕಿದರೆ ಆಗುವ ಗೊಜ್ಜವಲಕ್ಕಿ ಮಿಕ್ಸ್, ಕೋಡುಬಳೆ ಇಷ್ಟಿದ್ದರೆ ನಿಮ್ಮ ತಂದೆ ಗೆದ್ದರು. ಉಪ್ಪಿನಕಾಯಿ ಬಾಟಲಿ ಮಾತ್ರ ಬೇಡ. ನಮ್ಮದು ಒತ್ತಡಕ್ಕೆ ಸೋರಿ ಎರಡು ಸ್ವೆಟರಿಗೆ ಮಾವಿನಕಾಯಿ ಎಣ್ಣೆ ಅಂಟಿ, ವಾಸನೆ ಮುಂದಿನ ಗೌರಿಹಬ್ಬದವರೆಗೂ ಹೋಗಲಿಲ್ಲ. ಲಡಾಖಿ ತುಕ್ಪಾ ಒಂದು ಸಲ ತಿಂದು ನೋಡಿ. ಬಿಸಿ ಸಾರಿನಲ್ಲಿ ಶಾವಿಗೆ ಬಿಟ್ಟ ಹಾಗಿರುತ್ತದೆ.

ಫೋನ್ ಸಿಗುತ್ತಾ?

ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ. ಮನೆಯಲ್ಲಿ ಒಬ್ಬರಾದರೂ ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಿ. ಲೇಹ್ ಬಿಟ್ಟರೆ ಸಿಗ್ನಲ್ ಬರುತ್ತದೆ, ಹೋಗುತ್ತದೆ. ನಗದು ಸಾಕಷ್ಟು ಇರಲಿ.

ಕಾರು ಬಾಡಿಗೆಗೆ ತಗೊಂಡು ನಾವೇ ಓಡಿಸಬಹುದಾ?

ಹೊರಗಿನ ಬಾಡಿಗೆ ಕಾರುಗಳಲ್ಲಿ ಸುತ್ತಾಡುವುದನ್ನು ಅಲ್ಲಿನ ಟ್ಯಾಕ್ಸಿಯವರು ಬಿಡುವುದಿಲ್ಲ. ಸ್ವಂತ ಕಾರಿನಲ್ಲಿ ಹೋಗಬಹುದು, ಆದರೆ ಬೆಂಗಳೂರಿನಿಂದ 3,000 ಕಿ.ಮೀ.ಗೂ ಜಾಸ್ತಿ. ಕುಟುಂಬಕ್ಕೆ ಸ್ಥಳೀಯ ಡ್ರೈವರೇ ಸರಿ. ಟಾಂಗ್ಸೆ ದಾರಿ ಆ ರಾತ್ರಿ ನಮಗೆಲ್ಲಿ ಗೊತ್ತಿತ್ತು?

ಪರ್ಮಿಟ್ ಬೇಕಾ? ಅಮೆರಿಕದಿಂದ ತಂಗಿ ಬರ್ತಿದ್ದಾಳೆ, ಓಸಿಐ ಕಾರ್ಡ್ ಇದೆ.

ಗಡಿ ಭಾಗಕ್ಕೆ ಹೋಗೋಕೆ ಭಾರತೀಯರಿಗೆ ಬೇಕಿದ್ದ ಹಳೆಯ ಇನ್ನರ್ ಲೈನ್ ಪರ್ಮಿಟ್ಟನ್ನು 2021ರಲ್ಲಿ ತೆಗೆದರು. ಪರಿಸರ ಶುಲ್ಕ ಮಾತ್ರ ಆನ್‌ಲೈನ್‌ನಲ್ಲಿ ಕಟ್ಟಬೇಕು. ಅದರ ರಸೀದಿಯನ್ನೇ ಜನ ಈಗಲೂ ಪರ್ಮಿಟ್ ಅನ್ನುತ್ತಾರೆ. ನಾಲ್ಕೈದು ಪ್ರತಿ ಮತ್ತು ಆಧಾರ್ ಜೊತೆಗಿರಲಿ. ಓಸಿಐ, ಅಂದರೆ ವಿದೇಶಿ ಪೌರತ್ವ ಪಡೆದ ಭಾರತ ಮೂಲದವರ ಕಾರ್ಡ್, ಇದ್ದವರಿಗೆ ಇಲ್ಲಿ ವಿದೇಶಿಯರ ನಿಯಮವೇ ಅನ್ವಯ. ನುಬ್ರಾ ಕಣಿವೆ, ಪಾಂಗಾಂಗ್‌ಗೆ ಲೇಹ್‌ನ ಏಜೆಂಟ್ ಮೂಲಕ ಬೇರೆ ಪರ್ಮಿಟ್ ಮಾಡಿಸಬೇಕು. ತಂಗಿಯವರ ಪಾಸ್‌ಪೋರ್ಟ್ ಬೆಂಗಳೂರಿನ ಬೀರುವಿನಲ್ಲಿ ಬಿಟ್ಟು ಬರಬೇಡಿ.

## ಸ್ವಲ್ಪ ಆಳಕ್ಕೆ ಹೋಗುವವರಿಗೆ

ಯಾವ ಕ್ರಮದಲ್ಲಿ ಸುತ್ತಿದ್ರೆ ಒಳ್ಳೇದು?

ಮಲಗುವ ಊರಿನ ಎತ್ತರ ನೋಡಿ ಕ್ರಮ ಹಾಕಿ. ನಕ್ಷೆಯಲ್ಲಿ ಹತ್ತಿರ ಕಾಣುವುದನ್ನು ನೋಡಿ ಹಾಕಬೇಡಿ. ಮೂರು ರಾತ್ರಿ ಲೇಹ್. ಮೂರನೇ ದಿನ ಸಿಂಧೂ ನದಿಯ ಜೊತೆ ಕೆಳಕ್ಕೆ ಹಳೆಯ ಬೌದ್ಧ ಮಠ ಇರುವ ಆಲ್ಚಿ ಕಡೆ ಹೋಗಿ ಬನ್ನಿ, ನಿಮ್ಮುವಿನ ಹತ್ತಿರ ಜಂಸ್ಕಾರ್ ನದಿ ಬಂದು ಕೂಡುವುದು ದಾರಿಯಲ್ಲೇ ಕಾಣುತ್ತದೆ. ಆಮೇಲೆ ಖಾರ್ದುಂಗ್ ಲಾ ದಾಟಿ ನುಬ್ರಾ, ಎರಡು ರಾತ್ರಿ. ಘಾಟ್ 5,359 ಮೀಟರ್, ಅಲ್ಲಿ ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ. ಆದರೆ ಮಲಗುವ ಹುಂಡರ್ ಊರು ಲೇಹ್‌ಗಿಂತ ತಗ್ಗು, ನಿದ್ದೆ ಚೆನ್ನಾಗಿ ಬರುತ್ತದೆ. ಎರಡು ಡುಬ್ಬದ ಒಂಟೆ, ಮರಳದಿಣ್ಣೆ, ದಿಸ್ಕಿತ್‌ನ 32 ಮೀಟರ್ ಎತ್ತರದ ಮೈತ್ರೇಯ ಬುದ್ಧ ಇಲ್ಲೇ. 1971ರ ಯುದ್ಧದಲ್ಲಿ ಭಾರತಕ್ಕೆ ಸೇರಿದ ತುರ್ತುಕ್ ಊರಿಗೆ ಒಂದು ದಿನ ಕೊಡಿ.

ಪಾಂಗಾಂಗ್ ಕೊನೆಗೆ ಬರಲಿ. ನುಬ್ರಾದಿಂದ ಶ್ಯೋಕ್ ನದಿ ಪಕ್ಕದ ರಸ್ತೆಯಲ್ಲಿ ಹೋಗಿ ಒಂದೇ ರಾತ್ರಿ ಮಲಗಿ, ಮರುದಿನ ಚಾಂಗ್ ಲಾ ದಾಟಿ ಲೇಹ್‌ಗೆ. ಸರೋವರ ಸುಮಾರು 134 ಕಿ.ಮೀ. ಉದ್ದ, ನಮ್ಮ ಕಡೆ ಇರುವುದು ಮೂರನೇ ಒಂದು ಭಾಗದಷ್ಟು. ಲೇಹ್‌ನಿಂದ ಅಲ್ಲಿಗಿರುವ ದೂರ ಹೆಚ್ಚುಕಮ್ಮಿ ಬೆಂಗಳೂರು-ಮೈಸೂರು ದೂರವೇ, ಹಿಡಿಯುವುದು ಐದು ಗಂಟೆ.

ಹಿಮಚಿರತೆ ಕಾಣುತ್ತಾ?

ಬೇಸಿಗೆಯಲ್ಲಿ ಇಲ್ಲ ಅಂತಲೇ ಇಟ್ಟುಕೊಳ್ಳಿ. ಅವು ಬೇಟೆಯ ಹಿಂದೆ ಮೇಲಿನ ಬಂಡೆಗಳಿಗೆ ಹೋಗಿರುತ್ತವೆ. ನೋಡುವವರು ಹೆಮಿಸ್ ರಾಷ್ಟ್ರೀಯ ಉದ್ಯಾನದ ಕಡೆ ಹೋಗುವುದು ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಕಾಣುವುದು ಕಿಯಾಂಗ್ ಅನ್ನುವ ಕಾಡುಕತ್ತೆ, ಕೆರೆ ಬದಿ ಜೋಡಿಯಾಗಿ ಓಡಾಡುವ ಕಪ್ಪು ಕತ್ತಿನ ಕೊಕ್ಕರೆ, ಮತ್ತೆ ಮಾರ್ಮಟ್. ಈ ಮಾರ್ಮಟ್ ದಪ್ಪ ಬೆಕ್ಕಿನಷ್ಟಿರುವ, ಬಿಲದಲ್ಲಿರುವ ಪ್ರಾಣಿ. ಪಾಂಗಾಂಗ್ ದಾರಿಯಲ್ಲಿ ಗಾಡಿ ನಿಂತರೆ ಎರಡು ಕಾಲ ಮೇಲೆ ನಿಂತು ಕೈ ಚಾಚುತ್ತದೆ, ಅಷ್ಟು ಬಿಸ್ಕತ್ತು ತಿನ್ನಿಸಿ ಹಾಳು ಮಾಡಿದ್ದಾರೆ. ವರ್ಷದಲ್ಲಿ ಆರು ತಿಂಗಳಿಗೂ ಹೆಚ್ಚು ಮಲಗಿ ಕಳೆಯುವ ಜೀವ, ಹುಲ್ಲು ತಿಂದು ಕೊಬ್ಬು ಕೂಡಿಸಬೇಕು. ಮಕ್ಕಳ ಕೈಯಿಂದ ಪ್ಯಾಕೆಟ್ ಇಸಕೊಂಡು ಬೈನಾಕ್ಯುಲರ್ ಕೊಡಿ.

ಹಾನ್ಲೆವರೆಗೆ ಹೋಗೋದು ಲೆಕ್ಕಕ್ಕೆ ಬರುತ್ತಾ?

ಇನ್ನೂ ಎರಡು ರಾತ್ರಿ ಇದ್ದು, ಅಲ್ಲಿಯವರೆಗೆ ಯಾರಿಗೂ ತೊಂದರೆ ಆಗಿಲ್ಲದಿದ್ದರೆ ಖಂಡಿತ. ಊರು ಸುಮಾರು 4,300 ಮೀಟರ್‌ನಲ್ಲಿದೆ, ಹಾಗಾಗಿ ಪ್ರವಾಸದ ಕೊನೆಗೇ ಇಟ್ಟುಕೊಳ್ಳಿ. 2022ರಲ್ಲಿ ಅಲ್ಲಿನ ಕತ್ತಲನ್ನೇ ಕಾಪಾಡುವ ಡಾರ್ಕ್ ಸ್ಕೈ ರಿಸರ್ವ್ ಮಾಡಿದರು. ರಾತ್ರಿ ಹೈ ಬೀಮ್ ಹಾಕುವ ಹಾಗಿಲ್ಲ, ಮನೆಗಳ ಕಿಟಕಿಗೆ ದಪ್ಪ ಪರದೆ. ತರಬೇತಿ ಪಡೆದ ಊರಿನವರೇ ದೂರದರ್ಶಕ ಇಟ್ಟುಕೊಂಡು ಗ್ರಹ, ನಕ್ಷತ್ರ ತೋರಿಸುತ್ತಾರೆ. ಅಲ್ಲಿಂದ ಉಮ್ಲಿಂಗ್ ಲಾ ಘಾಟ್ ಹತ್ತಬೇಕು ಅಂತ ಕೆಲವರಿಗೆ ಹಟ. 5,798 ಮೀಟರ್‌ಗೆ ಮಕ್ಕಳನ್ನು ಒಯ್ಯುವ ಮಾತು ನನ್ನ ಹತ್ತಿರ ಆಡಬೇಡಿ.

ಹಾನ್ಲೆಗೆ ಅಮಾವಾಸ್ಯೆ ಹತ್ತಿರದ ದಿನ ಬೇಕು. ಹುಣ್ಣಿಮೆ ಬೆಳಕಲ್ಲಿ ಆಕಾಶಗಂಗೆ ಮಸುಕಾಗಿಬಿಡುತ್ತದೆ. ಅಮಾವಾಸ್ಯೆ ದಿನ ಪ್ರಯಾಣವಾ ಅಂತ ಅತ್ತೆ ಕ್ಯಾಲೆಂಡರ್ ಹಿಡಿದು ಕೂತಿದ್ದರು. ಹಿಂದಿನ ದಿನ ತಲುಪಿ ಮರುದಿನ ಅಲ್ಲೇ ಇದ್ದುಬಿಡೋಣ ಅಂತ ರಾಜಿಯಾಯಿತು. ಮೇ ತಿಂಗಳಾದ್ದರಿಂದ ಆಕಾಶಗಂಗೆ ಚೆನ್ನಾಗಿ ಮೇಲೆ ಬಂದಿದ್ದು ಮಧ್ಯರಾತ್ರಿ ಮೇಲೆ. ಅತ್ತೆ ಎರಡು ಶಾಲು ಹೊದ್ದು ಹೊರಗೆ ಬಂದು, "ನಮ್ಮೂರ ಅಂಗಳದಲ್ಲಿ ಚಿಕ್ಕೋಳಿದ್ದಾಗ ಹೀಗೇ ಕಾಣ್ತಿತ್ತು" ಅಂದರು.

ಪಕ್ಕದ ಬೆಟ್ಟದ ಮೇಲೆ, 4,500 ಮೀಟರ್ ಎತ್ತರದಲ್ಲಿ, ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕ ಇದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಿಂದ. ಇದನ್ನು ಹೇಳಿದಾಗ ಮಗಳು ಸ್ವಲ್ಪ ಹೊತ್ತು ಆ ಬಿಳಿ ಗುಮ್ಮಟವನ್ನೇ ನೋಡಿ ಕೇಳಿದಳು: "ಬೆಳಗ್ಗೆ ನಾಲ್ಕು ಗಂಟೆಗೆ ಅಪ್ಪ ಬಿರಿಯಾನಿ ತಿನ್ನೋಕೆ ಹೋಗ್ತಾರಲ್ಲ, ಆ ಹೊಸಕೋಟೆನಾ?"